ಮೂರನೇ ಸೆಟ್ಟಿಗೆ ಮೊದಲು ತುಂಬಿದ ಉಡಿ

ಆ ದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಇದ್ದವರು ಮೂರೇ ಜನ. ಟೇಬಲ್ಲಿನ ಆಚೆ ಪ್ರಿನ್ಸಿಪಾಲ್ ಮೇಡಂ, ಈಚೆ ಹೊಸದಾಗಿ ಬಂದಿರುವ ಪಿ.ಟಿ. ಮಾಸ್ತರು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಈ ಕಾಲೇಜಿನ ಗ್ರಂಥಪಾಲಕಿಯಾದ ನಾನು. ನಮ್ಮ ನಾಲ್ಕು ತಾಲೂಕುಗಳ ಹೆಣ್ಣುಮಕ್ಕಳ ಕಾಲೇಜುಗಳ ವಾಲಿಬಾಲ್ ಪಂದ್ಯಾವಳಿಗೆ ಈ ವರ್ಷ ಬೆಳ್ಳಿಹಬ್ಬ. ಸರದಿಯ ಪ್ರಕಾರ ಈ ಸಲ ನಡೆಸಬೇಕಾದವರು ಕುಷ್ಟಗಿಯ ನಾವು. ಅದಕ್ಕೊಂದು ಸ್ಮರಣ ಸಂಚಿಕೆ ಬೇಕು, ಸಂಚಿಕೆಗೊಂದು ಇತಿಹಾಸ ಬೇಕು.

“ಶಾಂತಕ್ಕ, ಮೊದಲ್ನೇ ವರ್ಷ ಗೆದ್ದ ಟೀಮಿನ್ಯಾಗ ನೀವೂ ಇದ್ರಂತಲ್ರೀ? ಇತಿಹಾಸ ನೀವ ಬರೀರಿ. ನಾಕ ಪುಟ ಆದ್ರ ಸಾಕು,” ಅಂದರು ಮೇಡಂ.

“ಇದ್ದೆ ಅಂದ್ರ... ಇದ್ದೆ ಬಿಡ್ರಿ ಮೇಡಂ,” ಅಂದೆ ನಾನು.

ಈ ‘ಇದ್ದೆ ಅಂದ್ರ’ ಎಂಬುದನ್ನು ಇಲ್ಲಿಯೇ ಬಿಡಿಸಿ ಹೇಳಿಬಿಡುತ್ತೇನೆ. ವಾಲಿಬಾಲಿಗೆ ಆಡುವವರು ಆರು ಜನ, ನಾನು ಏಳನೆಯವಳು. ಯಾರಿಗಾದರೂ ಜ್ವರ ಬಂದರೆ ಇರಲಿ ಎಂದು ನನ್ನನ್ನು ಸೇರಿಸಿಕೊಂಡಿದ್ದರು. ನಮ್ಮ ಕಡೆಯ ಹುಡುಗಿಯರು ಜೋಳದ ರೊಟ್ಟಿ ತಿಂದು ಬೆಳೆದವರು, ಮೂರು ವರ್ಷದಲ್ಲಿ ಒಬ್ಬಳಿಗೂ ಜ್ವರ ಬರಲಿಲ್ಲ. ನನ್ನ ಪಾಲಿಗೆ ಬಂದದ್ದು ನೀರಿನ ಕೊಡ, ಹೋಳು ಮಾಡಿದ ಲಿಂಬೆಹಣ್ಣು, ಚೆಂಡಿಗೆ ಗಾಳಿ ಹೊಡೆಯುವ ಪಂಪು ಮತ್ತು ಆರೂ ಜನರ ಬಳೆ. ಬಳೆ ತೊಟ್ಟು ಆಡುವಂತಿಲ್ಲ, ಬಳೆ ಬಿಚ್ಚಿ ನೆಲಕ್ಕಿಡುವಂತೆಯೂ ಇಲ್ಲ. ಹಾಗಾಗಿ ಪಂದ್ಯ ಶುರುವಾಗುತ್ತಲೇ ಎಲ್ಲರ ಬಳೆಗಳೂ ನನ್ನ ಕೈಗೆ ಏರುತ್ತಿದ್ದವು. ಹಸಿರು, ಕೆಂಪು, ಚುಕ್ಕಿ ಎಲ್ಲ ಸೇರಿ ಮೊಣಕೈತನಕ. ಅಂಗಳದ ಅಂಚಿನಲ್ಲಿ ಮದುಮಗಳ ಹಾಗೆ ಕೈ ಚಾಚಿ ಕೂತಿರುತ್ತಿದ್ದೆ. ಚಪ್ಪಾಳೆ ತಟ್ಟಲಿಕ್ಕೂ ಹೆದರಿಕೆ.

ಆದರೂ ಇತಿಹಾಸ ಬರೆಯಲು ಏಳನೆಯವಳೇ ಸರಿ ಅನಿಸುತ್ತದೆ. ಆಡಿದವರನ್ನು ಕೇಳಿ ನೋಡಿದ್ದೇನೆ, ಅವರಿಗೆ ಊಟದ ಹೊರತು ಏನೂ ನೆನಪಿಲ್ಲ. ಯಲಬುರ್ಗಾದಲ್ಲಿ ಪಂದ್ಯ ನಡೆದ ವರ್ಷ ಎಂದರೆ “ಅಯ್ಯ, ಆ ಮಂಡಾಳ ಮಿರ್ಚಿ!” ಎನ್ನುತ್ತಾರೆ. ಕೊಪ್ಪಳದವರು ಗೆದ್ದ ವರ್ಷ ಎಂದರೆ “ಬದನಿಕಾಯಿ ಎಣ್ಣಿಗಾಯಿ ಸಾಲಲಿಲ್ಲ ನೋಡು” ಎನ್ನುತ್ತಾರೆ. ಯಾರು ಯಾರಿಗೆ ಎಷ್ಟರಿಂದ ಸೋತರೆಂದು ಕೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ. ನಮ್ಮ ಅಜ್ಜಿ ಹೇಳುತ್ತಿದ್ದಳು: ಕುಣಿಯುವವಳಿಗೆ ಗೆಜ್ಜೆ ಕೇಳಿಸುತ್ತದೆ, ಕೂತವಳಿಗೆ ತಪ್ಪು ಹೆಜ್ಜೆ ಕಾಣಿಸುತ್ತದೆ.

ಇಷ್ಟು ಜಂಬ ಕೊಚ್ಚಿಕೊಂಡು ಬಂದವಳು ಗ್ರಂಥಾಲಯದಲ್ಲಿ ಕೂತು ಬರೆಯಲು ಶುರು ಮಾಡಿದೆ. ಎರಡನೇ ವರ್ಷದಿಂದ ಇವತ್ತಿನವರೆಗೆ ಬರೆದದ್ದಾಯಿತು. ಮೊದಲನೇ ವರ್ಷ ಮಾತ್ರ ಮುಂದೆ ಸಾಗಲೊಲ್ಲದು. ಏಕೆಂದರೆ ಆ ವರ್ಷದ ತಪ್ಪು ಹೆಜ್ಜೆ ಕೂತವಳದೇ ಆಗಿತ್ತು. ಅದು ನನ್ನನ್ನು ಬಿಟ್ಟರೆ ಇನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು.

ಆ ಇನ್ನೊಬ್ಬಳು ಬಸವ್ವ, ನಮ್ಮ ಹಾಸ್ಟೆಲಿನ ಅಡುಗೆಯವಳು. ತಂಡಕ್ಕೆ ಆಗಿನ ಪಿ.ಟಿ. ಮಾಸ್ತರು ಹೆಸರಿಗೆ ಮಾತ್ರ, ಖರೆ ತರಬೇತಿ ಇವಳದು. ದಿನಾ ಸಂಜೆ ಒಲೆ ಹಚ್ಚುವ ಮೊದಲು ಮೈದಾನಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವಳು. “ಏನs ಅದು, ಚಂಡಿಗೆ ಮುದ್ದ ಮಾಡಾಕತ್ತೀಯೇನ? ರೊಟ್ಟಿ ಬಡದಂಗ ಬಡೀ!” ಎಂದು ಕೂಗುವಳು. ಹುಡುಗಿಯರು ರೊಟ್ಟಿ ಬಡಿದ ಹಾಗೆ ಬಡಿಯುವರು, ಚೆಂಡು ಆಚೆ ನೆಲಕ್ಕೆ ಹತ್ತಿಕೊಂಡುಬಿಡುವುದು.

ಮೊದಲ ವರ್ಷದ ಫೈನಲ್ಲು ನಮ್ಮ ಮೈದಾನದಲ್ಲೇ ನಡೆಯಿತು. ಎದುರಿಗೆ ಗಂಗಾವತಿ. ಕಾಲುವೆ ನೀರಿನ ಹುಡುಗಿಯರು, ಒಬ್ಬೊಬ್ಬರೂ ಭತ್ತದ ತೆನೆಯ ಹಾಗೆ ಬಳುಕುವವರು. ಅವರ ಕ್ಯಾಪ್ಟನ್ ಶಾಹಿದಾ ಮಾತ್ರ ಬಳುಕುವವಳಲ್ಲ. ಅವಳು ನೆಟ್ಟಿನ ಮೇಲೆ ಜಿಗಿದರೆ ನಮ್ಮವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹದಿನೈದು ಪಾಯಿಂಟಿನ ಮೂರು ಸೆಟ್ಟಿನಲ್ಲಿ ಎರಡು ಗೆದ್ದವರಿಗೆ ಶೀಲ್ಡು. ಆದರೆ ಎಲ್ಲರ ಚಿಂತೆ ಆರು ಗಂಟೆಯ ಬಸ್ಸಿನದು. ಅದು ತಪ್ಪಿದರೆ ಗಂಗಾವತಿಯವರು ಇಲ್ಲೇ ಉಳಿಯಬೇಕು. ಹಾಗೆಂದು ಊರಿಗೆ ಬಂದ ಹೆಣ್ಣುಮಕ್ಕಳನ್ನು ಬರಿ ಉಡಿಯಲ್ಲಿ ಕಳಿಸುವುದುಂಟೇ? ಆದ್ದರಿಂದ ಆಟ ಮುಗಿಯುತ್ತಲೇ ಬಸವ್ವ ಬಂದು ಅವರ ಉಡಿ ತುಂಬಬೇಕು, ತಡವಾಗದಂತೆ ಅವಳನ್ನು ಕರೆತರುವ ಕೆಲಸ ಏಳನೆಯವಳದು ಎಂದು ಮಾಸ್ತರು ಹೇಳಿಟ್ಟಿದ್ದರು.

ಮೊದಲ ಸೆಟ್ಟು ಗಂಗಾವತಿಗೆ ಹೋಯಿತು. ಎರಡನೆಯದರಲ್ಲಿ ಅವರು ಹನ್ನೊಂದು, ನಾವು ನಾಲ್ಕು. ನಾನು ಕೈತುಂಬ ಬಳೆ ನೋಡಿಕೊಂಡೆ, ಆಕಾಶ ನೋಡಿದೆ, ಇನ್ನೇನು ಉಳಿದಿದೆ ಎಂದುಕೊಂಡು ಎದ್ದೇಬಿಟ್ಟೆ. ನನ್ನ ತಂಡದ ಮೇಲೆ ನನಗಿದ್ದ ಭರವಸೆ ಅಷ್ಟು! ನಾಲ್ಕು ತಂಡಗಳ ಅಡುಗೆಯಿಂದಾಗಿ ಅವತ್ತು ಬಸವ್ವನಿಗೆ ಮೈದಾನಕ್ಕೆ ಬರಲಾಗಿರಲಿಲ್ಲ. ಅಡುಗೆಮನೆಗೆ ಹೋಗಿ, “ಬಸವ್ವ, ಆಟ ಮುಗದೈತಿ, ಲಗೂನ ಬಾ” ಅಂದೆ. ಅವಳು ಮುಖ ಸಣ್ಣದು ಮಾಡಿಕೊಂಡು, “ಸೋತ್ರ?” ಎಂದಳು. “ಸೋತೀವಿ” ಅಂದೆ.

ಬಸವ್ವ ಅಕ್ಕಿ, ತೆಂಗಿನಕಾಯಿ, ಅರಿಶಿನ ಕೊಂಬು, ಉತ್ತತ್ತಿ, ಎಲೆ ಅಡಿಕೆ ಎಲ್ಲವನ್ನೂ ಮೊರದಲ್ಲಿ ಹೊಂದಿಸಿಕೊಂಡು ಬರುವ ಹೊತ್ತಿಗೆ, ನನ್ನ ಬೆನ್ನು ತಿರುಗಿದ್ದೇ ತಡವೆಂಬಂತೆ, ನಮ್ಮವರು ಎರಡನೇ ಸೆಟ್ಟು ಗೆದ್ದುಬಿಟ್ಟಿದ್ದರು. ಮೂರನೆಯದಕ್ಕೆ ಮೊದಲು ಐದು ನಿಮಿಷ ವಿಶ್ರಾಂತಿ. ಗಂಗಾವತಿಯವರು ಬೇವಿನಮರದ ಕೆಳಗೆ ಸಾಲಾಗಿ ಕೂತಿದ್ದರು. ಉಡಿ ತುಂಬಿಸಿಕೊಳ್ಳಲಿಕ್ಕೇ ಕೂತ ಹಾಗಿತ್ತು. ನಾನು ನೀರಿನ ಕೊಡ ಹುಡುಕಿಕೊಂಡು ಸ್ಕೋರು ಕೇಳಿ ತಿರುಗುವಷ್ಟರಲ್ಲಿ ಬಸವ್ವ ಮೂವರ ಓಢಣಿಗೆ ಅಕ್ಕಿ ಹಾಕಿ ಮುಗಿಸಿದ್ದಳು. “ಗಂಗಾವತಿಯವರಿಗೆ ಅಕ್ಕಿ ಕೊಡೂದಂದ್ರ ಹೊಳಿಗೆ ನೀರ ಹೊಯ್ದಂಗ. ಆದ್ರೂ ತಗೋರಿ ಯವ್ವಾ, ಮುಂದಿನ ವರ್ಷ ಮತ್ತ ಬರ್ರಿ,” ಎನ್ನುತ್ತ ಶಾಹಿದಾಳ ಮುಂದೆ ಬಂದು ಒಂದು ಗಳಿಗೆ ನಿಂತಳು. ಶಾಹಿದಾ ತಾನೇ ಓಢಣಿ ಹಾಸಿ, “ನಾ ಏನ್ ಪಾಪ ಮಾಡೀನ್ರಿ ಅಮ್ಮಾ, ನನಗೂ ಹಾಕ್ರಿ” ಎಂದಳು. ಬಸವ್ವ ಅವಳಿಗೆ ಎಲ್ಲರಿಗಿಂತ ದೊಡ್ಡ ಕಾಯಿ ಆರಿಸಿ ಹಾಕಿದಳು.

ಉಡಿ ಅರ್ಧ ತುಂಬುವಾಗ ತಡೆಯುವುದು ಅಪಶಕುನ. ರೆಫರಿ ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ನಿಂತಿದ್ದರು. ಮುಗಿದ ಮೇಲೆ ಗಂಗಾವತಿಯ ಮಾಸ್ತರು, “ಬಿಚ್ಚಿ ಅಲ್ಲೆ ಇಟ್ಟು ಆಡ್ರವಾ” ಎಂದರು. ಹುಡುಗಿಯರು ಒಬ್ಬರನ್ನೊಬ್ಬರು ನೋಡಿದರು.

“ಮನಿ ಹೊಸ್ತಿಲ ದಾಟೂಮಟಾ ಬಿಚ್ಚಬಾರದ್ರಿ ಸರ್. ನಮ್ಮವ್ವಗ ಗೊತ್ತಾದ್ರ ಕೊಲ್ತಾಳ,” ಎಂದಳು ಒಬ್ಬಳು.

ಮಾಸ್ತರು ಆಸೆಯಿಂದ ಶಾಹಿದಾಳ ಕಡೆ ತಿರುಗಿದರು. “ನೀನರ ಬಿಚ್ಚವಾ. ನಿಮ್ಮೊಳಗ ಈ ಪದ್ಧತಿ ಇಲ್ಲಲ್ಲ.”

“ಪದ್ಧತಿ ಇಲ್ರಿ ಸರ್. ಆದ್ರ ಅಮ್ಮ ಇಲ್ಲೇ ನಿಂತಾರ. ಅವರ ಮುಂದ ಹ್ಯಾಂಗ ನೆಲಕ್ಕ ಇಡ್ಲಿ?” ಎಂದವಳೇ ಓಢಣಿಯನ್ನು ಸೊಂಟಕ್ಕೆ ಬಿಗಿದು ಗಂಟು ಹಾಕಿ ಅಂಗಳಕ್ಕಿಳಿದಳು. ಹಿಂದೆ ಉಳಿದ ಐವರೂ ಇಳಿದರು.

ಹೀಗೆ ನಮ್ಮ ಪಂದ್ಯಾವಳಿಯ ಮೊದಲ ಫೈನಲ್ಲಿನ ಮೂರನೇ ಸೆಟ್ಟನ್ನು ಗಂಗಾವತಿಯವರು ತಲಾ ಒಂದು ತೆಂಗಿನಕಾಯಿ ಕಟ್ಟಿಕೊಂಡು ಆಡಿದರು. ಶಾಹಿದಾ ಜಿಗಿದಳೆಂದರೆ ಕಾಯಿ ಅವಳ ತೊಡೆಗೆ ಗುದ್ದುತ್ತಿತ್ತು. ಅಂಗಳದ ತುಂಬ ಅಕ್ಕಿ ಚೆಲ್ಲಿ ಗುಬ್ಬಿಗಳು ಬಂದು ಕೂತವು. ಒಮ್ಮೆ ಒಬ್ಬಳ ಕಾಯಿ ಜಾರಿ ನೆಟ್ಟಿನ ಕೆಳಗೆ ಉರುಳಿ ನಮ್ಮ ಕಡೆ ಬಂತು. ಗೆರೆ ದಾಟಿದ್ದಕ್ಕೆ ಸೀಟಿ ಊದಬೇಕೋ ಬೇಡವೋ ಎಂದು ರೆಫರಿ ಯೋಚಿಸುತ್ತಿದ್ದರೆ, ನಮ್ಮ ಕ್ಯಾಪ್ಟನ್ ಅದನ್ನೆತ್ತಿ, ಕಣ್ಣಿಗೊತ್ತಿಕೊಂಡು, ಹೋಗಿ ಆಕೆಯ ಉಡಿಗೆ ಕಟ್ಟಿ ಬಂದಳು. ಅಷ್ಟಾದರೂ ಅವರು ಹದಿಮೂರರತನಕ ಬಂದರು. ನಾವು ಹದಿನೈದಕ್ಕೆ ಗೆದ್ದೆವು. ಶೀಲ್ಡು ನಮ್ಮದಾಯಿತು, ಬಸ್ಸೂ ಸಿಕ್ಕಿತು.

ಬಸ್ಸು ಹೋದ ಮೇಲೆ ನಮ್ಮ ಮಾಸ್ತರರಿಗೆ ನಾಚಿಕೆ ಸಿಟ್ಟಾಗಿ ತಿರುಗಿತು. “ಆಟದ ನಡುವ ಬಾ ಅಂತ ನಿನಗ ಹೇಳಿದವರ್ಯಾರು? ಗೆದ್ದೂ ಮಾರಿ ತೋರಿಸದಂಗ ಆತು. ಇನ್ನ ಮ್ಯಾಲ ನೀ ಮೈದಾನಕ್ಕ ಕಾಲಿಡಬ್ಯಾಡ,” ಎಂದು ಎಲ್ಲರೆದುರು ಬಸವ್ವನನ್ನು ಬೈದರು. ಬಸವ್ವ ಬರಿ ಮೊರ ಹಿಡಿದು ನಿಂತು ಒಂದೇ ಸಲ ನನ್ನ ಕಡೆ ನೋಡಿದಳು. ನಾನು ಯಾರ ಬಳೆ ಯಾವುದೆಂದು ಬಹಳ ಕಾಳಜಿಯಿಂದ ಆರಿಸತೊಡಗಿದೆ.

ಆಮೇಲೆ ಆ ಹಾಸ್ಟೆಲಿನಲ್ಲಿ ಇದ್ದಷ್ಟು ವರ್ಷವೂ ಅವಳು ಮೈದಾನಕ್ಕೆ ಕಾಲಿಡಲಿಲ್ಲ. ಮಾಸ್ತರು ವರ್ಗವಾಗಿ ಹೋದ ಮೇಲೂ ಇಡಲಿಲ್ಲ. ಅಡುಗೆಮನೆಯ ಸಣ್ಣ ಕಿಟಕಿಯಿಂದ ನೋಡುತ್ತಿದ್ದಳು. ಅದರಲ್ಲಿ ಕಾಣುತ್ತಿದ್ದದ್ದು ನೆಟ್ಟಿನ ಈಚಿನ ಅರ್ಧ ಅಂಗಳ ಮಾತ್ರ. “ಚಂಡ ಹೊಳ್ಳಿ ಬಂದ್ರ ಅವರು ಎತ್ಯಾರ, ಬರಲಿಲ್ಲಂದ್ರ ನಮಗ ಪಾಯಿಂಟು. ಇದಕ್ಕ ಪೂರಾ ಯಾಕ ನೋಡಬೇಕ?” ಎನ್ನುತ್ತಿದ್ದಳು.

ಇತಿಹಾಸದ ಕರಡಿನಲ್ಲಿ ಮೊದಲು ನಾನು ಬರೆದದ್ದು: ‘ಅಡುಗೆಯವರ ಅಚಾತುರ್ಯದಿಂದ.’ ಎರಡು ದಿನ ಆ ವಾಕ್ಯ ನನ್ನನ್ನೇ ದಿಟ್ಟಿಸಿ ನೋಡುತ್ತಿತ್ತು. ಮೂರನೇ ದಿನ ರಜೆ ಹಾಕಿ ಹನುಮಸಾಗರದ ಬಸ್ಸು ಹತ್ತಿದೆ. ಬಸವ್ವ ಅಲ್ಲಿ ಮಗಳ ಜೊತೆ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಎಪ್ಪತ್ತು ದಾಟಿದರೂ ಕೈಯ ಸಪ್ಪಳ ಓಣಿಯ ತುದಿಗೇ ಕೇಳಿಸುತ್ತದೆ.

“ಬಸವ್ವ, ಅವತ್ತ ನಿನ್ನ ಕರದಾಕಿ ನಾನ ಅಂತ ಬರೀಬೇಕಂತ ಮಾಡೀನಿ,” ಅಂದೆ. “ತಪ್ಪು ನಂದಲ್ಲೇನ?”

“ನಿಂದ. ಮತ್ತ ನಂದೇನ?” ಎಂದು ರೊಟ್ಟಿ ತಿರುವಿ ಹಾಕಿದಳು. “ಇಷ್ಟ ವರ್ಷ ಬೇಕಾತೇನ ತಂಗಿ, ಹೇಳಾಕ? ನಾ ಇನ್ನೇನ ನೀ ಬರಾಕಿಲ್ಲ ಬಿಡು ಅಂದಿದ್ದೆ.”

“ನೀನರ ಅವತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ನಿನ್ನ ಟೀಮಿನಿಂದ ತಗದ ಬಿಡ್ತಿದ್ರು. ಚಂಡ ಮುಟ್ಟದಾಕಿ ನೀ ಒಬ್ಬಾಕೆ, ತಗಿಯೂದು ಭಾಳ ಸಸಾರ ಇತ್ತು,” ಎಂದು ನಕ್ಕು, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ನನ್ನ ಕಡೆ ಸರಿಸಿದಳು. ಅಷ್ಟು ಕೇಳಿಸಿಕೊಂಡೂ ಎರಡು ರೊಟ್ಟಿ ತಿಂದೆ ಎಂಬುದನ್ನು ಇತಿಹಾಸಕಾರಳಾಗಿ ದಾಖಲಿಸಬೇಕು.

ಇದ್ದದ್ದನ್ನು ಇದ್ದ ಹಾಗೇ ಬರೆದುಕೊಟ್ಟೆ. ಮೇಡಂ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕಿದ್ದಕ್ಕೋ ಇನ್ನೊಂದಕ್ಕೋ ನಾನು ಕೇಳಲಿಲ್ಲ. ಹೊಸ ಮಾಸ್ತರು ತಾವೇ ಹೋಗಿ ಬಸವ್ವನನ್ನು ಕರೆತರುವುದಾಗಿ ಹೇಳಿದರು.

ಪಂದ್ಯದ ದಿನ ಬಸವ್ವನಿಗೆ ನೆಟ್ಟಿನ ನೇರಕ್ಕೆ ಕುರ್ಚಿ ಹಾಕಿದ್ದೆವು, ಎರಡೂ ಕಡೆಯ ಅಂಗಳ ಕಾಣುವ ಹಾಗೆ. ಚೆಂಡು ಹೋದತ್ತ ಬಂದತ್ತ ಕತ್ತು ತಿರುಗಿಸಿ ತಿರುಗಿಸಿ, “ಇಷ್ಟ ದೊಡ್ಡದೈತೇನ ಇದು!” ಎಂದಳು. ಪಕ್ಕದ ಕುರ್ಚಿಯಲ್ಲಿ ಮುಖ್ಯ ಅತಿಥಿ ಶಾಹಿದಾ. ಈಗ ಗಂಗಾವತಿಯಲ್ಲಿ ಹೈಸ್ಕೂಲಿನ ಪಿ.ಟಿ. ಟೀಚರು. ಫೈನಲ್ಲು ಮತ್ತೆ ನಮಗೂ ಗಂಗಾವತಿಗೂ ಬಿತ್ತು. ಎರಡೇ ಸೆಟ್ಟಿನಲ್ಲಿ ಅವರು ಗೆದ್ದರು.

ಕೊನೆಯ ಸೀಟಿ ಆಯಿತು. ಬಸವ್ವ ಉಡಿಯ ಸಾಮಾನಿನ ಮೊರ ಹಿಡಿದು ಎದ್ದಳು. ನಾನು ಮುಂದೆ ಬಂದು, “ಆಟ ಮುಗೀತು ಬಸವ್ವ” ಅಂದೆ. ಅವಳು ನನ್ನನ್ನು ದಾಟಿಕೊಂಡು ಸೀದಾ ರೆಫರಿಯ ಹತ್ತಿರ ಹೋಗಿ ಅವರನ್ನು ಕೇಳಿದಳು. ಅವರು ಹೌದೆಂದು ತಲೆಯಾಡಿಸಿದ ಮೇಲೆ ತಿರುಗಿ ಬಂದಳು. ಶಾಹಿದಾ ಆಗಲೇ ಸೆರಗು ಹಾಸಿ ನಿಂತಿದ್ದಳು.