ಕಲ್ಲೇಡಿಯೂ ದೊಡ್ಡಪ್ಪನ ಪಾಳಿಯೂ

ನಮ್ಮ ದೊಡ್ಡಪ್ಪ ಇದುವರೆಗೆ ನಾನೂರಕ್ಕೂ ಹೆಚ್ಚು ಸಲ ಸತ್ತಿದ್ದಾರೆ ಎಂದರೆ ನೀವು ನಂಬುವುದಿಲ್ಲ. ಬೇಕಾದರೆ ಅವರ ನೋಟ್‌ಬುಕ್ ನೋಡಿ, ಪ್ರತಿಯೊಂದು ಸಾವನ್ನೂ ಬರೆದಿಟ್ಟಿದ್ದಾರೆ!

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಲೇತ್ ನಡೆಸಿ ನಿವೃತ್ತರಾದವರು. ಬ್ರೂಕ್‌ಫೀಲ್ಡ್‌ನ ನನ್ನ ಮನೆಯಲ್ಲಿ ಧೂಳು ತಿನ್ನುತ್ತಿದ್ದ ವಿಡಿಯೋ ಗೇಮನ್ನು ಅವರ ಮನೆಗೆ ಸಾಗಿಸಿದ್ದು ದೊಡ್ಡಮ್ಮನಿಗಾಗಿ. ದೊಡ್ಡಮ್ಮನ ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಿದೆ. ಹೋದದ್ದು ಮರಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಇರುವಷ್ಟು ದಿನ ಏನಾದರೂ ಚೆಂದದ್ದು ನೋಡಲಿ ಎಂದುಕೊಂಡೆ.

ಆಟದಲ್ಲಿ ಕೊಡೆ ಹಿಡಿದ ಹುಡುಗಿಯೊಬ್ಬಳು ಕಾಡು ಸುತ್ತುತ್ತಾಳೆ. ಎಲೆಯಿಂದ ಹನಿ ಜಾರುವುದು, ಅವಳ ಜಡೆ ಗಾಳಿಗೆ ಬಿಚ್ಚಿಕೊಳ್ಳುವುದು, ಎಲ್ಲವನ್ನೂ ಅಷ್ಟು ಮುದ್ದಾಗಿ ಬಿಡಿಸಿದ್ದಾರೆ. ದೊಡ್ಡಮ್ಮ ಮೊದಲ ದಿನವೇ ಪರದೆಯ ನೇರಕ್ಕೆ ಕುರ್ಚಿ ಹಾಕಿಸಿಕೊಂಡರು. ಆಡಿಸುವ ಕೆಲಸ ದೊಡ್ಡಪ್ಪನದು. ಕಾಡು ಮುಗಿದಲ್ಲಿ ಸೇತುವೆ, ಅದರಾಚೆ ತಾವರೆ ಕೆರೆ. ನಮ್ಮ ಕಡೆಯವುಗಳಂತೆ ನೊರೆ ಉಗುಳುವ ಕೆರೆಯಲ್ಲ! ದೊಡ್ಡಮ್ಮನಿಗೆ ಅದನ್ನು ನೋಡಲೇಬೇಕು, ಕಣ್ಣಿರುವಾಗಲೇ.

ಮೊದಲ ವಾರ ದೊಡ್ಡಪ್ಪ ಹುಡುಗಿಯನ್ನು ಸೇತುವೆ ಹತ್ತಿಸಲೇ ಇಲ್ಲ. ಯಾಕೆ? ಅದಕ್ಕೆ ಒಂದೂ ಬೋಲ್ಟ್ ಹಾಕಿಲ್ಲವಂತೆ! ಕೊನೆಗೆ ಹತ್ತಿಸಿದರೆ, ಕಾವಲಿಗಿದ್ದ ಕಲ್ಲೇಡಿ, ಬಂಡೆಗಾತ್ರದ ಕಲ್ಲಿನ ಏಡಿ, ಒಂದೇ ಏಟಿಗೆ ಕೆಡವಿತು.

ಅಂದಿನಿಂದ ಯುದ್ಧ ಪಾಳಿಯ ಲೆಕ್ಕದಲ್ಲಿ ನಡೆಯಿತು. ಎಂಟಕ್ಕೆ ಶುರು. ಹತ್ತಕ್ಕೆ ಟೀ, ಏಡಿ ಕೊಂಡಿ ಎತ್ತಿ ನಿಂತಿದ್ದರೂ ಸರಿ! ಪಾಳಿ ಮುಗಿದ ಮೇಲೆ ವರದಿ: 'ಸಾವು ಹನ್ನೊಂದು. ಕಾರಣ, ಗುಂಡಿ ತಡವಾಗಿ ಒತ್ತಿದ್ದು. ತಪ್ಪು ಆಪರೇಟರನದು.' ಹುಡುಗಿಯ ಮೇಲೆ ಒಂದು ದಿನವೂ ದೂರು ಬರೆದವರಲ್ಲ.

ಪ್ರತಿ ಶನಿವಾರ ಮೆಟ್ರೋದಲ್ಲಿ ಇಡೀ ಊರು ದಾಟಿ ಹೋಗುತ್ತಿದ್ದ ನಾನು, ಐದು ನಿಮಿಷ ಕೊಡಿ, ಏಡಿಯನ್ನು ಮುಗಿಸಿಕೊಡುತ್ತೇನೆ ಎಂದು ಗೋಗರೆದೆ.

"ನನ್ ಮಿಷಿನ್ ಮೇಲೆ ಇನ್ನೊಬ್ರು ಕೈಯಿಡಕ್ಕೆ ಬಿಟ್ಟೋನಲ್ಲಮ್ಮ ನಾನು" ಎಂದರು.

ಅದು ನಿಜ. ರಜೆ ಹಾಕಿದ ದಿನ ಬೇರೆಯವರು ಮುಟ್ಟದಿರಲೆಂದು ಲೇತ್‌ನ ಕೀಲಿಯನ್ನು ಊಟದ ಡಬ್ಬಿಯಲ್ಲಿ ಮನೆಗೆ ತಂದ ಮಹಾನುಭಾವ! ಸೂಪರ್‌ವೈಸರ್ ಬಂದು ಬಾಗಿಲು ತಟ್ಟಿದರೂ ಕೊಟ್ಟಿರಲಿಲ್ಲವಂತೆ. ನನಗೆ ಸಿಟ್ಟು ಬರುತ್ತಿತ್ತು. ದೊಡ್ಡಮ್ಮನ ಕಣ್ಣಿಗಿಂತ ಇವರ ಹಟ ದೊಡ್ಡದೇ?

ಕಳೆದ ಶನಿವಾರ ಆಟ ನಡೆದಿತ್ತು. ಹುಡುಗಿ ಎಲ್ಲಿ ಹೋದಳು ಎಂದು ದೊಡ್ಡಮ್ಮ ಕೇಳಿದರು. ಅವಳು ಪರದೆಯ ಬಲಗಡೆ, ಕೆಂಪು ಕೊಡೆ ಬಿಚ್ಚಿ ನಿಂತಿದ್ದಳು. ದೊಡ್ಡಪ್ಪ ಆಟ ನಿಲ್ಲಿಸಿದರು. ರಿಮೋಟನ್ನು ಅಂಗಿಗೆ ಒರೆಸಿ ನನ್ನ ಕೈಗಿಟ್ಟರು.

"ನೀನೇ ಹೊಡಿ. ನಾನು ಕಲಿಯೋವರ್ಗೂ ಅವಳ ಕಣ್ಣು ಕಾಯಲ್ಲ."

ಮೂರನೆಯ ಸಲಕ್ಕೆ ಏಡಿ ಬಿತ್ತು. ಹುಡುಗಿ ಸೇತುವೆ ದಾಟಿದಳು, ಕೆರೆ ತೆರೆದುಕೊಂಡಿತು. ದೊಡ್ಡಮ್ಮ ತಾವರೆಗಳನ್ನು ತುಂಬ ಹೊತ್ತು ನೋಡಿದರು. ಎಡ ಮೂಲೆಯಲ್ಲಿ ಎರಡು ಬಾತುಕೋಳಿ ತೇಲುತ್ತಿದ್ದವು. ಅವರ ನೋಟ ಅಲ್ಲಿಯವರೆಗೆ ಹೋಗಲಿಲ್ಲ.

ದೊಡ್ಡಪ್ಪ ಎದ್ದು ಹೋಗಿ, ಅವರ ಗಲ್ಲ ಹಿಡಿದು, ಮುಖವನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದರು.

"ಹ್ಞೂಂ, ಸಿಕ್ಕಿದ್ವು ಕಣ್ರೀ" ಎಂದರು ದೊಡ್ಡಮ್ಮ.