ಮಾದರಿ ಮಗುವಿನ ಕಿವಿಯ ಹತ್ತಿ

"ಪ್ರತಿಭೆಯು ಹುಟ್ಟಿನಿಂದ ಬರತಕ್ಕದ್ದು, ಟ್ಯೂಷನ್ನಿನಿಂದ ಬಂದದ್ದನ್ನು ಪ್ರತಿಭೆಯೆಂದು ಪರಿಗಣಿಸಲಾಗುವುದಿಲ್ಲ." ಊರಿನ ಅತಿ ಶ್ರೇಷ್ಠ ಪ್ರೌಢಶಾಲೆಯು ಪ್ರವೇಶದ ನಿಯಮಾವಳಿಗೆ ಈ ವಾಕ್ಯವನ್ನು ಸೇರಿಸಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಟೈಲರಮ್ಮ. ಹನ್ನೊಂದು ವರ್ಷದಿಂದ ಆ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರೂ ಒಂದನ್ನಾದರೂ ಮಗಳ ಮೈಗೆ ಹಿಡಿದು ನೋಡುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಮಗಳೋ ಟ್ಯೂಷನ್ನಿನ ಮೆಟ್ಟಿಲನ್ನೇ ಹತ್ತಿದವಳಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಸಂದರ್ಶನದಲ್ಲಿ ಮುಖ್ಯೋಪಾಧ್ಯಾಯರು ಕೇಳಿದರು: "ಒಂದು ಅಂಗಿಗೆ ಒಂದೂಕಾಲು ಮೀಟರ್ ಬಟ್ಟೆ. ಮೂವತ್ತಾರು ಅಂಗಿಗೆ?"

"ನಲವತ್ತೈದು ಸಾರ್. ಪಟ್ಟೆ ಬಟ್ಟೆಯಾದ್ರೆ ಇನ್ನೆರಡು ಬೇಕು, ಗೆರೆಗೆ ಗೆರೆ ಕೂಡಿಸಬೇಕಲ್ಲ."

ಪ್ರವೇಶ ಸಮಿತಿಯ ಮೂವರೂ ಪೆನ್ನು ಕೆಳಗಿಟ್ಟರು.

"ಇಷ್ಟು ಬೇಗ ಹೇಳ್ತಾಳೆ ಅಂದ್ರೆ ಯಾರೋ ಹೇಳಿಕೊಟ್ಟಿದ್ದಾರೆ," ಅಂದರು ಮುಖ್ಯೋಪಾಧ್ಯಾಯರು.

"ಅಯ್ಯೋ ಇಲ್ಲ ಸಾರ್! ನಾನು ಕತ್ತರಿ ಹಿಡಿದಾಗ ಲೆಕ್ಕ ಹೇಳೋಳೇ ಇವಳು," ಅಂದಳು ಟೈಲರಮ್ಮ.

"ಅದನ್ನೇ ಟ್ಯೂಷನ್ ಅನ್ನೋದಮ್ಮ."

ಹುಡುಗಿಯನ್ನು 'ಮನೆಯಲ್ಲೇ ಟ್ಯೂಷನ್ ಪಡೆದು ಕೆಟ್ಟ ಅಭ್ಯರ್ಥಿ' ಎಂದು ದಾಖಲಿಸಿ ಕಳಿಸಲಾಯಿತು.

ಆಯ್ಕೆಯಾದ ನಲವತ್ತೂ ಮಕ್ಕಳು ಶಾಲೆಯ ಎದುರು ಕಟ್ಟಡದ ತರಬೇತಿ ಕೇಂದ್ರದವರು. ಅಲ್ಲಿ ತರಬೇತಿಯೇ ಇಲ್ಲದವರಂತೆ ಕಾಣುವ ತರಬೇತಿ ಕೊಡಲಾಗುತ್ತದೆ: ಪ್ರಶ್ನೆ ಬಿದ್ದ ಕೂಡಲೇ ಛಾವಣಿ ನೋಡಬೇಕು, ಒಮ್ಮೆ ತಲೆ ಕೆರೆದುಕೊಳ್ಳಬೇಕು, ಒಂಬತ್ತು ಎಣಿಸಿ ಬಾಯಿ ಬಿಡಬೇಕು. ಈ ಸಹಜತೆ ಸಮಿತಿಗೆ ಬಹಳ ಹಿಡಿಸಿತ್ತು.

ತರಗತಿ ಶುರುವಾದ ಮೇಲೆ ಸಣ್ಣ ತೊಡಕು ಕಂಡಿತು. ಏನು ಕೇಳಿದರೂ ನಲವತ್ತು ಮುಖಗಳು ಒಟ್ಟಿಗೆ ಛಾವಣಿಗೆ ಏರುತ್ತಿದ್ದವು; ತೊಂಬತ್ತು ಎಣಿಸಿದರೂ ಉತ್ತರ ಇಳಿಯುತ್ತಿರಲಿಲ್ಲ. ಸಮಿತಿ ತುರ್ತಾಗಿ ಠರಾವು ಮಾಡಿತು: "ಉತ್ತರ ಬಲ್ಲ ಒಂದು ಮಗುವನ್ನು ತರಗತಿಯ ಮುಂದೆ ಮಾದರಿಯಾಗಿ ಕೂರಿಸತಕ್ಕದ್ದು. ಮಾದರಿಯು ವಿದ್ಯಾರ್ಥಿಯಲ್ಲವಾದ್ದರಿಂದ ಪಾಠದ ವೇಳೆ ಕಿವಿಗೆ ಹತ್ತಿ ಇಡತಕ್ಕದ್ದು."

ಮುಖ್ಯೋಪಾಧ್ಯಾಯರು ಠರಾವಿನ ಪ್ರತಿ ಹಿಡಿದು ತಾವೇ ಹೊಲಿಗೆ ಅಂಗಡಿಗೆ ಬಂದರು. "ಮಗಳನ್ನ ಕಳಿಸಿಕೊಡಿ ಅಮ್ಮ. ಸೀಟು ಇಲ್ಲ, ಕುರ್ಚಿ ಇದೆ."

ಟೈಲರಮ್ಮನಿಗೆ ಸಿಟ್ಟೂ ಬಂತು, ಸಂತೋಷವೂ ಆಯಿತು. ನಲವತ್ತೊಂದನೆಯ ಸಮವಸ್ತ್ರ ಕತ್ತರಿಸಿ, ಬೆಳೆಯುವ ಹುಡುಗಿಯೆಂದು ಅಂಚಿನೊಳಗೆ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಮಡಚಿಟ್ಟಳು.

"ಅಮ್ಮ, ಹತ್ತೀನ ಸ್ವಲ್ಪ ಸಡಿಲ ಇಟ್ಕೊಳ್ಲಾ?"

"ಎಷ್ಟು ಸಡಿಲ?"

"ಬೀಜಗಣಿತ ಒಳಗೆ ಬರೋವಷ್ಟು."

ಟೈಲರಮ್ಮ ಠರಾವನ್ನು ಎರಡು ಸಲ ಓದಿದಳು. ಹತ್ತಿಯ ಅಳತೆಯನ್ನು ಎಲ್ಲೂ ಬರೆದಿರಲಿಲ್ಲ.

ತಿಂಗಳೊಳಗೆ ಹುಡುಗಿ ಬೀಜಗಣಿತದಲ್ಲೂ ಮಾದರಿಯಾದಳು. ಗುಟ್ಟು ಹತ್ತಿಯಲ್ಲೇ ಇದೆಯೆಂದು ನಲವತ್ತು ಮಕ್ಕಳ ಹೆತ್ತವರೂ ಒಮ್ಮತದಿಂದ ತೀರ್ಮಾನಿಸಿದರು. ಎದುರು ಕಟ್ಟಡದಲ್ಲಿ ಈಗ ಕಿವಿಗೆ ಹತ್ತಿ ಇಡುವ ತರಬೇತಿ ನಡೆಯುತ್ತಿದೆ. ಮೊದಲ ತಂಡ ಭರ್ತಿಯಾಗಿದೆ.