ಊರೂರು ತಿರುಗಿದ ಪ್ಯಾಂಟು

ಎಲ್ಲ ಅನರ್ಥಕ್ಕೂ ಮೂಲ ಮೆಕ್ಕೆಜೋಳ. ಸಂತೇಬೆನ್ನೂರಿನ ಟಾರು ರಸ್ತೆಯನ್ನು ಗಾಡಿಗಳು ಓಡಾಡಲೆಂದು ಹಾಕಿದ್ದಾರೆ ಎಂಬ ತಪ್ಪು ತಿಳಿವಳಿಕೆ ರೇಣುಕಪ್ರಸಾದನಿಗಿತ್ತು. ಅದು ಜೋಳ ಒಣಗಿಸಲು ಹಾಕಿದ್ದೆಂದು ಹೋದ ತಿಂಗಳು ಮನವರಿಕೆಯಾಯಿತು. ಹರವಿದ್ದ ಕಾಳಿನ ಮೇಲೆ ಬೈಕು ಜಾರಿ, ಅವನ ಎರಡು ಮೊಣಕಾಲಿನ ಚರ್ಮವೂ ಜೋಳದ ಜೊತೆ ಅಲ್ಲೇ ಒಣಗಲು ಉಳಿಯಿತು.

ಅವನ ಹೆಂಡತಿ ವಿಜಯಶ್ರೀ ಅವರ ಮನೆಯಿದ್ದ ಚನ್ನಗಿರಿಯಲ್ಲೇ ಆಸ್ಪತ್ರೆಯೊಂದರಲ್ಲಿ ನರ್ಸು. ದಿನಕ್ಕೆ ಹತ್ತು ಮೊಣಕಾಲು ತೊಳೆದು ಪಟ್ಟಿ ಕಟ್ಟುವವಳು. ಹನ್ನೊಂದನೆಯದೂ ಹನ್ನೆರಡನೆಯದೂ ಮನೆಗೇ ನಡೆದುಬಂದದ್ದನ್ನು ಅವಳು ಸಹಿಸಲಿಲ್ಲ. ಜಗಳೂರಿನ ತಮ್ಮ ಪ್ರದೀಪನಿಗೆ ಹೇಳಿ, ಫೋನಿನಲ್ಲೇ ಆರ್ಡರು ಮಾಡಿಸಿ, ಬೈಕು ಓಡಿಸುವವರಿಗೆಂದೇ ಹೊಲಿದ ಜೀನ್ಸ್ ಪ್ಯಾಂಟೊಂದನ್ನು ತರಿಸಿದಳು. ಮೊಣಕಾಲಿಗೂ ಸೊಂಟಕ್ಕೂ ಪೆಟ್ಟು ತಡೆಯುವ ಗಟ್ಟಿ ಬಿಲ್ಲೆ, ಒಳಗೆ ರಸ್ತೆಯ ಮೇಲೆ ಎಳೆದಾಡಿದರೂ ಹರಿಯದ ಹಳದಿ ಬಟ್ಟೆ. ಅದನ್ನು ಹಾಕಿಕೊಂಡರೆ ರೇಣುಕಪ್ರಸಾದ ಮೊದಲ ಸಲ ನೊಗ ಹೊತ್ತ ಹೋರಿಯ ಹಾಗೆ ನಡೆಯುತ್ತಿದ್ದ.

“ಈ ಪ್ಯಾಂಟು ಹಾಕ್ದೆ ಗಾಡಿ ಹತ್ತಿದ್ರಿ ಅಂತ ನನ್ ಕಿವಿಗೆ ಬಿತ್ತೋ, ಅವತ್ತೇ ಗಾಡಿ ಮಾರ್ಬಿಡ್ತೀನಿ” ಎಂದು ಅವಳು ಶಾಸನ ಹೊರಡಿಸಿದಳು. ಮಾರಬಲ್ಲಳು ಕೂಡ. ಬೈಕು ಮಾವ ಕೊಡಿಸಿದ್ದು, ಇದ್ದದ್ದು ಅವಳ ಹೆಸರಿನಲ್ಲಿ. ಆ ಬೈಕೇ ರೇಣುಕಪ್ರಸಾದನ ಪ್ರಾಣ. ಸಂತೇಬೆನ್ನೂರಿನ ಕಾಲೇಜಿನಲ್ಲಿ ಗುಮಾಸ್ತನಾದ ಅವನ ಮಾತನ್ನು ಜವಾನನೂ ಕೇಳುತ್ತಿರಲಿಲ್ಲ. ಬೈಕು ಮಾತ್ರ ಹೇಳಿದಂತೆ ಕೇಳುತ್ತಿತ್ತು.

ಭಾನುವಾರ ಬೆಳಿಗ್ಗೆ ವಿಜಯಶ್ರೀ ಡ್ಯೂಟಿಗೆ ಹೋದದ್ದೇ ತಡ, ಎದುರುಮನೆಯ ಕೆಂಚೇಶ ಬಂದ. ಅವನ ಹತ್ತಿರ ಇದ್ದದ್ದು ಒಂದು ಹಳೇ ಮೊಪೆಡ್ಡು. ಆದ್ದರಿಂದ ರೇಣುಕಪ್ರಸಾದನ ಬೈಕಿನ ಸೀಟು ಸವರದೆ ಒಳಗೆ ಬರುವವನೇ ಅಲ್ಲ.

“ಅಣ್ಣಾರೇ, ಹೊನ್ನಾಳಿಗೆ ನಮ್ ವನಜಾಕ್ಷಿ ತಮ್ಮನ ಮನಿಗೆ ಊಟಕ್ಕೆ ಹೊಂಟೀನಿ. ದಾರಿ ತುಂಬಾ ಜೋಳ ಹರವ್ಯಾರೆ. ಆ ಪ್ಯಾಂಟೊಂದು ಕೊಟ್ರೆ ಸಂಜಿಕೆ ತಂದ್ಕೊಡ್ತೀನಿ.”

ಏಣಿ, ಇಸ್ತ್ರಿ ಪೆಟ್ಟಿಗೆ, ನೆಂಟರು ಬಂದಾಗ ಎರಡು ಕುರ್ಚಿ, ಹೀಗೆ ಯಾರು ಏನು ಕೇಳಿದರೂ ಇಲ್ಲವೆನ್ನಲು ರೇಣುಕಪ್ರಸಾದನಿಗೆ ಬಾಯಿ ಬಾರದು. ಪ್ಯಾಂಟಿಗೂ ಬರಲಿಲ್ಲ. ಇವತ್ತು ಹೇಗೂ ಗಾಡಿ ಹತ್ತುವುದಿಲ್ಲವಲ್ಲ ಎಂದು ಕೊಟ್ಟುಬಿಟ್ಟ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಅವನಿಗೆ ಬರುತ್ತಿತ್ತು. ಗಾದೆ ಬಂದವರೆಲ್ಲ ಉದ್ಧಾರವಾಗಿದ್ದರೆ ಊರು ಹೀಗಿರುತ್ತಿರಲಿಲ್ಲ.

ಹನ್ನೊಂದಕ್ಕೆ ಹೆಂಡತಿಯ ಫೋನು ಬಂತು. “ರೀ, ಸಂಜೆ ಐದಕ್ಕೆ ಜಗಳೂರಿಂದ ಪ್ರದೀಪ ಬರ್ತಾನಂತೆ. ಪ್ಯಾಂಟು ಹೆಂಗೆ ಕೂತೈತೆ ನೋಡ್ಬೇಕಂತೆ. ಹಾಕ್ಕಂಡು ರೆಡಿ ಇರ್ರಿ.”

ರೇಣುಕಪ್ರಸಾದ ಕೆಂಚೇಶನಿಗೆ ಫೋನು ಮಾಡಿದರೆ ಸ್ವಿಚ್ಚಾಫ್. ಬಸ್ಸಿಗೆ ಕಾದರೆ ಕೆಲಸ ಕೆಟ್ಟಂತೆ. ಪ್ಯಾಂಟು ತರಲು ಗಾಡಿ ಬೇಕು, ಗಾಡಿ ಹತ್ತಲು ಪ್ಯಾಂಟು ಬೇಕು. ಕೊನೆಗೆ ಹಳೇ ಟೆರಿಕಾಟ್ ಪ್ಯಾಂಟಿನಲ್ಲೇ ದೇವರ ಮೇಲೆ ಭಾರ ಹಾಕಿ ಬೈಕು ಹತ್ತಿದ. ಎದುರುಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಕೆಂಚೇಶನ ಹೆಂಡತಿ ವನಜಾಕ್ಷಿ ಅವನ ಕಾಲಿನ ಕಡೆಗೇ ನೋಡುತ್ತ, “ಹುಷಾರಾಗಿ ಹೋಗ್ಬರ್ರಿ ಅಣ್ಣಾರೇ” ಎಂದಳು.

ದಾರಿಯುದ್ದಕ್ಕೂ ಜೋಳ ಕಂಡಲ್ಲೆಲ್ಲ ಅವನು ಇಳಿದು ಗಾಡಿಯನ್ನು ತಳ್ಳಿಕೊಂಡೇ ದಾಟಿದ. ಹೊನ್ನಾಳಿ ಮುಟ್ಟುವ ಹೊತ್ತಿಗೆ ಒಂದೂವರೆ. ಕೆಂಚೇಶ ಬಾಮೈದನ ಮನೆಯ ಪಡಸಾಲೆಯಲ್ಲಿ ಹೋಳಿಗೆ ಉಂಡು, ಲುಂಗಿ ಸುತ್ತಿಕೊಂಡು ಮಲಗಿದ್ದ.

“ಪ್ಯಾಂಟೆಲ್ಲಿ ಮಾರಾಯ?”

ಕೆಂಚೇಶ ತೇಗಿದ. “ಗೂಟಕ್ಕೆ ತೂಗಾಕಿದ್ದೆ ಅಣ್ಣಾರೇ. ನಮ್ ಬಾಮೈದ ದುರುಗಣ್ಣ ಹಾಕ್ಕಂಡು ನ್ಯಾಮತಿಗೆ ಹೋದ.”

“ನನ್ ಪ್ಯಾಂಟು ಅವನಿಗ್ಯಾಕೆ?”

“ಅವ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ನೋಡಿ ಬಿಲ್ ಕೊಡೋನಲ್ಲೇನ್ರೀ? ಬಿಲ್ಲಿನ ದಿನ ಬಂದ್ರೆ ಭಾನುವಾರಾನೂ ಬಿಡುವಿಲ್ಲ. ಎಲ್ಲಿ ಹೋದ್ರೂ ನಾಯಿ ಕಾಟ. ಈ ಪ್ಯಾಂಟಿಗೆ ಹಲ್ಲು ಇಳಿಯಲ್ಲ ಅಂತ ನಾನೇ ಹೇಳ್ದೆ. ಕೂತ್ಕಳ್ರಿ, ಒಂದು ಹೋಳಿಗೆ ತಿನ್ರಿ.”

ರೇಣುಕಪ್ರಸಾದ ಹೋಳಿಗೆ ತಿನ್ನಲಿಲ್ಲ, ಬೈಗುಳ ನುಂಗಿದ. ಮತ್ತೆ ಗಾಡಿ ಹತ್ತಿ ನ್ಯಾಮತಿಗೆ ಓಡಿದ. ಅಲ್ಲಿ ಬೀದಿಬೀದಿ ಅಲೆಯುವ ಕಷ್ಟ ಬರಲಿಲ್ಲ. ನಾಯಿ ಬೊಗಳುವ ಕಡೆ ಹೋದ, ದುರುಗಣ್ಣ ಸಿಕ್ಕಿದ. ಟೀ ಅಂಗಡಿಯ ಮುಂದೆ ಹತ್ತು ಜನರ ನಡುವೆ ಬೆಂಚಿನ ಮೇಲೆ ಕಾಲಿಟ್ಟು ಅವನು ಭಾಷಣ ಮಾಡುತ್ತಿದ್ದ.

“ಬರ್ರಿ ಅಣ್ಣಾರೇ! ಎಂಥ ಪ್ಯಾಂಟ್ರೀ ನಿಮ್ದು! ಆ ಕರಿ ನಾಯಿ ಮೀನಖಂಡಕ್ಕೆ ಬಾಯಿ ಹಾಕಿ ಐದು ನಿಮಿಷ ಜೋತು ಬಿತ್ತು. ನಂಗೆ ಇರುವೆ ಕಡ್ದಂಗೂ ಆಗ್ಲಿಲ್ಲ. ಪಾಪ, ಅದೀಗ ಬಿಸ್ಕೀಟೂ ಮುಟ್ತಿಲ್ಲ.”

ರೇಣುಕಪ್ರಸಾದ ಬಗ್ಗಿ ನೋಡಿದ. ಮೊಣಕಾಲಿನ ಕೆಳಗೆ ಜೀನ್ಸ್ ಹರಿದು, ಹಳದಿ ಬಟ್ಟೆಯ ಮೇಲೆ ನಾಲ್ಕು ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು. ಅಳು ಬಂತು. ಅಳಲು ಪುರಸೊತ್ತಿರಲಿಲ್ಲ. ಅಂಗಡಿಯ ಹಿಂದೆ, ಗೋಣಿಚೀಲದ ಮರೆಯಲ್ಲಿ ಇಬ್ಬರೂ ಪ್ಯಾಂಟು ಬದಲಿಸಿಕೊಂಡರು. ಟೆರಿಕಾಟಿನ ಗುಂಡಿ ದುರುಗಣ್ಣನ ಹೊಟ್ಟೆಗೆ ಒಪ್ಪದೆ ಹಾರಿಹೋಯಿತು. ಕೂತವರು ಪುಕ್ಕಟೆ ನಾಟಕ ನೋಡಿ ಇನ್ನೊಂದು ರೌಂಡು ಟೀ ಹೇಳಿದರು.

ಐದಕ್ಕೆ ಹತ್ತು ನಿಮಿಷ ಇರುವಾಗ ಅವನು ಮನೆ ಮುಟ್ಟಿದ. ಪ್ರದೀಪನ ಸುಳಿವಿರಲಿಲ್ಲ. ವಿಜಯಶ್ರೀ ಮಾತ್ರ ಗೇಟಿನಲ್ಲೇ ನಿಂತಿದ್ದಳು. ಅವಳ ಕಣ್ಣು ನೇರ ಕಾಲಿಗೇ ಹೋಯಿತು.

“ಏನ್ರೀ ಅದು, ಹರಿದೈತೆ?”

ಅತ್ತ ದರಿ, ಇತ್ತ ಪುಲಿ. ಬಿದ್ದೆ ಎಂದರೆ ಬೈಕು ಹೋಯಿತು. ಸಾಲ ಕೊಟ್ಟಿದ್ದೆ ಎಂದರೆ ಪ್ಯಾಂಟಿಲ್ಲದೆ ಗಾಡಿ ಹತ್ತಿದ್ದು ಬಯಲಾಗಿ, ಆಗಲೂ ಬೈಕು ಹೋಯಿತು. ಗುಮಾಸ್ತನ ಬುದ್ಧಿ ಮಿಂಚಿತು.

“ನಾಯಿ ಕಚ್ತು ಕಣೇ. ಇಲ್ಲೇ, ಹಾಲು ತರಾಕೆ ಹೋದಾಗ.”

“ಅಯ್ಯೋ ಶಿವನೇ! ನಿಮಗೇ ಕಚ್ತಾ?”

“ನನಗೇ. ಈ ಪ್ಯಾಂಟು ಇರ್ಲಿಲ್ಲ ಅಂದಿದ್ರೆ ಕಾಲೇ ಹೋಗ್ತಿತ್ತು. ನಿನ್ ಪುಣ್ಯ.”

ಹೊಗಳಿಕೆ ಕೆಲಸ ಮಾಡಿತೆಂದೇ ಅವನು ತಿಳಿದ. ವಿಜಯಶ್ರೀ ಕಣ್ಣೊರೆಸಿಕೊಂಡು ಆಟೋ ಕರೆದಳು. “ಜೊಲ್ಲು ತಾಗಿದ್ರೂ ಸೂಜಿ ಬೇಕೇಬೇಕು. ನಡೀರಿ ಆಸ್ಪತ್ರೆಗೆ. ಗಾಡಿ ಕೀಲಿ ಇಲ್ಲಿ ಕೊಡ್ರಿ, ಇಂಥಾ ಸ್ಥಿತಿಯಾಗೆ ನೀವು ಓಡಿಸ್ಬಾರ್ದು.” ಕೀಲಿ ಇಸಿದುಕೊಂಡು, ಎದುರುಮನೆಗೆ ಹೋಗಿ ವನಜಾಕ್ಷಿಯ ಹತ್ತಿರ ಏನೋ ಪಿಸುಗುಟ್ಟಿ ಬಂದಳು.

ಆಸ್ಪತ್ರೆಯಲ್ಲಿ ಅವನನ್ನು ಬೋರಲು ಮಲಗಿಸಿ, ಎಡಕ್ಕೊಂದು ಬಲಕ್ಕೊಂದು ಸೂಜಿ ಚುಚ್ಚಿದಳು. ಬೆಂಕಿ ಇಟ್ಟ ಹಾಗಾಯಿತು. ಬೈಕು ಉಳಿಯಿತಲ್ಲ ಎಂದು ರೇಣುಕಪ್ರಸಾದ ಹಲ್ಲು ಕಚ್ಚಿಕೊಂಡ.

ವಾಪಸು ಬಂದು ಆಟೋ ಇಳಿದರೆ ಮನೆ ಮುಂದೆ ಬೈಕಿಲ್ಲ! ಎದುರುಮನೆಯ ಅಂಗಳದಲ್ಲಿತ್ತು. ವನಜಾಕ್ಷಿ ಅದರ ಹಣೆಗೆ ಕುಂಕುಮ ಹಚ್ಚುತ್ತಿದ್ದಳು. ಹೊನ್ನಾಳಿಯಿಂದ ಅವನಿಗಿಂತ ಮೊದಲೇ ಬಂದು ಮುಟ್ಟಿದ್ದ ಕೆಂಚೇಶ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ.

“ಇದೇನೇ ಇದು?” ಎಂದು ಅವನು ಹೆಂಡತಿಯ ಕಡೆ ತಿರುಗಿದ.

“ಮಾತಂದ್ರೆ ಮಾತು” ಎಂದಳು ವಿಜಯಶ್ರೀ. “ಹಳೇ ಪ್ಯಾಂಟಿನಾಗೆ ನೀವು ಗಾಡಿ ಹತ್ತಿದ ಐದು ನಿಮಿಷಕ್ಕೇ ವನಜಕ್ಕ ಫೋನ್ ಮಾಡಿದ್ಲು. ಮಾರಾದಾದ್ರೆ ನಮಗೇ ಕೊಡು ಅಂದ್ಲು, ಕೊಟ್ಟೆ.”

“ಹಂಗಾದ್ರೆ ಪ್ರದೀಪ?”

“ಬರೋ ಸುದ್ದಿಯೇ ಇರ್ಲಿಲ್ಲ. ಪ್ಯಾಂಟು ಸಾಲ ಕೊಟ್ಟೀರಿ ಅಂತ ಬೆಳಿಗ್ಗೆಯೇ ವನಜಕ್ಕ ಹೇಳಿದ್ಲು. ಗಾಡಿ ಹತ್ತುತೀರೋ ಇಲ್ವೋ ಅಂತ ನೋಡ್ದೆ.”

“ಎಲ್ಲಾ ಗೊತ್ತಿದ್ರೆ ನಾಯಿ ಸೂಜಿ ಯಾಕೆ ಚುಚ್ದೆ?”

“ನಾಯಿ ಸೂಜಿ ತೋಳಿಗೆ ಚುಚ್ತಾರೆ ಕಣ್ರೀ. ನಿಮಗೆ ಹಾಕಿದ್ದು ಬಿ-ಕಾಂಪ್ಲೆಕ್ಸು. ಒಂದು ಶಕ್ತಿಗೆ, ಒಂದು ಸುಳ್ಳಿಗೆ.”

ಅಷ್ಟರಲ್ಲಿ ಕೆಂಚೇಶ ಕೈ ಒರೆಸಿಕೊಳ್ಳುತ್ತ ಬಂದ. “ಅಣ್ಣಾರೇ, ಹೆಂಗೂ ಗಾಡಿ ನಮ್ಮನೆಗೆ ಬಂತು. ಆ ಪ್ಯಾಂಟಿಟ್ಕಂಡು ನೀವೇನು ಮಾಡ್ತೀರಿ?”

ಇಲ್ಲವೆನ್ನಲು ರೇಣುಕಪ್ರಸಾದ ಬಾಯಿ ತೆರೆದ. ಬಾಯಿ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಸಂತೇಬೆನ್ನೂರಿನ ಬಸ್ಸು ಅರ್ಧಕ್ಕರ್ಧ ಖಾಲಿಯಿತ್ತು. ಕಂಡಕ್ಟರು ಮೂರು ಸಲ ಕರೆದ, “ಸೀಟು ಐತಲ್ರೀ, ಕೂತ್ಕಳ್ರಿ.” ರೇಣುಕಪ್ರಸಾದ ಮೇಲಿನ ಕಂಬಿ ಹಿಡಿದುಕೊಂಡು, “ನಿಂತ್ರೆ ಆರಾಮೈತೆ” ಎಂದ. ಕಿಟಕಿಯಾಚೆ ಆ ಪ್ಯಾಂಟಿನಲ್ಲಿ, ಆ ಬೈಕಿನ ಮೇಲೆ, ಜೋಳ ತುಳಿದುಕೊಂಡೇ ಭರ್ರನೆ ಹೊರಟಿದ್ದ ಕೆಂಚೇಶ ಬಸ್ಸನ್ನು ಹಿಂದೆ ಹಾಕುತ್ತ, ಗುರುತು ಹಿಡಿದು, ಪ್ರೀತಿಯಿಂದ ಎರಡು ಸಲ ಹಾರ್ನು ಹೊಡೆದ.